ಧಣಿಯ ಮನೆ ಬಿಟ್ಟ ಸಂತ ಜೋಸೆಫಿನ್ ಬಖೀತಾ

ಫೆಬ್ರವರಿ 8 ಸಂತ ಜೋಸೆಫಿನ್ ಬಖೀತಾ ಅವರ ಹಬ್ಬ. ಮೂಡಿಗೆರೆ, ಕಳಸ, ಚಿಕ್ಕಮಗಳೂರು ಕಡೆಯ ತೋಟಗಳಲ್ಲಿ ಆ ಹೊತ್ತಿಗೆ ರೊಬಸ್ಟಾ ಕೊಯ್ಲಿನ ಗಡಿಬಿಡಿ. ನಮ್ಮ ಕರಾವಳಿಯಿಂದ ಘಟ್ಟ ಹತ್ತಿ ಕಾಫಿ ತೋಟಗಳಲ್ಲಿ ದುಡಿದ ಕುಟುಂಬಗಳು ಅನೇಕ. ಲೈನ್ ಮನೆ, ಮೇಸ್ತ್ರಿ, ಮುಂಗಡ ಎಂಬ ಮಾತುಗಳು ಅವರಿಗೆ ಹೊಸತಲ್ಲ. ತೋಟದ ಬಂಗಲೆಗಳಲ್ಲಿ, ಪೇಟೆಯ ಮನೆಗಳಲ್ಲಿ ಕೆಲಸಕ್ಕೆ ನಿಂತ ಹೆಣ್ಣುಮಕ್ಕಳ ಕಥೆಯೂ ಹೊಸತಲ್ಲ. ಆದ್ದರಿಂದ ಆಫ್ರಿಕಾದಲ್ಲಿ ಹುಟ್ಟಿ, ಇಟಲಿಯಲ್ಲಿ ಬಿಡುಗಡೆ ಕಂಡ ಈ ಸಂತರ ಜೀವನವನ್ನು ನಮ್ಮ ಓದುಗರ ಮುಂದಿಡುತ್ತಿದ್ದೇವೆ.

ಬಖೀತಾ ಹುಟ್ಟಿದ್ದು ಸುಮಾರು 1869ರಲ್ಲಿ, ಸುಡಾನ್ ದೇಶದ ಡಾರ್ಫರ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ತಂದೆ ಊರ ಮುಖಂಡನ ಸಹೋದರ. ಉಣ್ಣಲು ಉಡಲು ಕೊರತೆಯಿಲ್ಲದ ಮನೆ. ಏಳೆಂಟು ವರ್ಷದ ಬಾಲಕಿಯಾಗಿದ್ದಾಗ ಗುಲಾಮರ ವ್ಯಾಪಾರಿಗಳು ಆಕೆಯನ್ನು ಹೊತ್ತೊಯ್ದರು. ಅಕ್ಕನನ್ನು ಅದಕ್ಕಿಂತ ಮೊದಲೇ ಕದ್ದೊಯ್ದಿದ್ದರು. ನೂರಾರು ಕಿಲೋಮೀಟರ್ ಬರಿಗಾಲಲ್ಲಿ ನಡೆಸಿ ಎಲ್ ಒಬೈದ್ ಪೇಟೆಗೆ ತಂದು ಮಾರಿದರು. ಭಯದಲ್ಲಿ ಮಗು ತನ್ನ ಹೆಸರನ್ನೇ ಮರೆತುಬಿಟ್ಟಿತು. ಬಖೀತಾ ಎಂಬುದು ಹಿಡಿದವರು ಇಟ್ಟ ಹೆಸರು. ಅರಬ್ಬಿಯಲ್ಲಿ ಅದರ ಅರ್ಥ ಅದೃಷ್ಟವಂತೆ!

ಮುಂದೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. ಒಂದು ಮನೆಯಲ್ಲಿ ಧಣಿಯ ಮಗ ಹೊಡೆದ ಹೊಡೆತಕ್ಕೆ ತಿಂಗಳಿಗೂ ಮೇಲೆ ಏಳಲಾಗಲಿಲ್ಲ. ಟರ್ಕಿಯ ಸೇನಾಧಿಕಾರಿಯೊಬ್ಬನ ಮನೆಯಲ್ಲಿ ಆತನ ಹೆಂಡತಿ, ಆಕೆಯ ಮೈಮೇಲೆ ಚಿತ್ತಾರ ಬರೆಸಿ, ಗೆರೆಗಳನ್ನು ಕತ್ತಿಯಿಂದ ಕೊರೆಸಿ ಉಪ್ಪು ತುಂಬಿಸಿದಳು. ಅಂತಹ 114 ಗಾಯದ ಗುರುತುಗಳು ಸಾಯುವವರೆಗೂ ಉಳಿದವು. 1883ರಲ್ಲಿ ಖಾರ್ಟೂಮಿನಲ್ಲಿ ಇಟಲಿಯ ಉಪರಾಯಭಾರಿ ಕಲಿಸ್ತೊ ಲೆನ್ಯಾನಿ ಆಕೆಯನ್ನು ಕೊಂಡರು. ಅಲ್ಲಿ ಹೊಡೆತವಿರಲಿಲ್ಲ. 1885ರಲ್ಲಿ ಲೆನ್ಯಾನಿ ಊರಿಗೆ ಮರಳುವಾಗ ತನ್ನನ್ನೂ ಕರೆದೊಯ್ಯಿರೆಂದು ಬೇಡಿಕೊಂಡು ಹಡಗು ಹತ್ತಿದಳು. ಜಿನೋವಾ ಬಂದರಿನಲ್ಲಿ ಲೆನ್ಯಾನಿ ಆಕೆಯನ್ನು ಪರಿಚಯದ ಮಿಕಿಯೇಲಿ ಕುಟುಂಬಕ್ಕೆ ಉಡುಗೊರೆಯಾಗಿ ಕೊಟ್ಟುಬಿಟ್ಟರು.

ಇಲ್ಲಿಂದ ಮುಂದಿನ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಏಕೆಂದರೆ ಚಾಟಿಯ ಕಥೆ ಕೇಳಿದಾಗ ನಾವೆಲ್ಲ ಅಯ್ಯೋ ಎನ್ನುತ್ತೇವೆ. ಮಿಕಿಯೇಲಿ ಮನೆಯ ಕಥೆ ನಮಗೆ ಇನ್ನೂ ಹತ್ತಿರದ್ದು.

ವೆನಿಸ್ ಬಳಿಯ ಜಿಯಾನಿಗೊ ಎಂಬಲ್ಲಿ ಆ ಕುಟುಂಬದ ಮನೆ. 1886ರಲ್ಲಿ ಯಜಮಾನಿ ತುರೀನಾ ಅವರಿಗೆ ಹುಟ್ಟಿದ ಮಗು ಮಿಮ್ಮಿನಾಳನ್ನು ಎತ್ತಿ ಆಡಿಸಿದ್ದು ಬಖೀತಾ. ಮಗುವಿಗೂ ಆಕೆಯೇ ಬೇಕು. ಯಾರೂ ಮೈಮುಟ್ಟಿ ಹೊಡೆಯಲಿಲ್ಲ. ಆದರೂ ಆಕೆ ಕೆಲಸಕ್ಕೆಂದು ಒಪ್ಪಿ ಬಂದವಳಲ್ಲ, ಕೊಟ್ಟ ವಸ್ತು. ಎಲ್ಲಿರಬೇಕು, ಯಾವಾಗ ಹೊರಡಬೇಕು ಎಂದು ಆಕೆಯನ್ನು ಕೇಳಿದವರಿಲ್ಲ. ಕೆಲಸದ ಹುಡುಗಿಯನ್ನು ಮನೆಯ ಮಗಳ ಹಾಗೆ ನೋಡಿಕೊಳ್ಳುತ್ತೇವೆ ಎಂದು ನಮ್ಮಲ್ಲೂ ಹೇಳುವುದುಂಟು. ಸಂಬಳ ಎಷ್ಟು, ರಜೆ ಯಾವಾಗ, ಊರಿಗೆ ಹೋಗಿ ಎಷ್ಟು ಕಾಲವಾಯಿತು ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಕೆಂಪು ಸಮುದ್ರದ ದಡದ ಸುವಾಕಿನ್‌ನಲ್ಲಿ ಮಿಕಿಯೇಲಿಯವರಿಗೆ ಹೋಟೆಲ್ ಇತ್ತು. 1888ರ ಕೊನೆಗೆ ತುರೀನಾ ಅಲ್ಲಿಗೆ ಹೋಗುವಾಗ ಮಗುವನ್ನೂ ಬಖೀತಾಳನ್ನೂ ವೆನಿಸ್ಸಿನ ಕನೋಸಿಯನ್ ಧರ್ಮಭಗಿನಿಯರ ಬಳಿ ಬಿಟ್ಟರು. ಈ ಏರ್ಪಾಡಿನ ಹಿಂದೆ ಇದ್ದವರು ಆ ಕುಟುಂಬದ ಆಸ್ತಿ ನೋಡಿಕೊಳ್ಳುತ್ತಿದ್ದ ಇಲ್ಲುಮಿನಾತೊ ಕೆಕ್ಕೀನಿ, ನಮ್ಮ ತೋಟದ ಭಾಷೆಯಲ್ಲಿ ಹೇಳುವುದಾದರೆ ಅವರ ರೈಟರ್. ಆಕೆಗೆ ಪುಟ್ಟ ಬೆಳ್ಳಿಯ ಶಿಲುಬೆಯೊಂದನ್ನು ಕೊಟ್ಟವರೂ ಅವರೇ. ಅದರ ಮೇಲಿರುವವರು ಯಾರೆಂದು ಆಕೆಗೆ ಗೊತ್ತಿರಲಿಲ್ಲ. ಭಗಿನಿಯರು ಧರ್ಮೋಪದೇಶ ಹೇಳಿಕೊಟ್ಟಾಗ ಆಕೆಗೆ ತಿಳಿಯಿತು: ಈ ಒಡೆಯನೂ ಚಾಟಿಯೇಟು ತಿಂದವನು. ಬಾಲ್ಯದಲ್ಲಿ ಸೂರ್ಯ, ಚಂದ್ರ, ನಕ್ಷತ್ರಗಳನ್ನು ನೋಡಿ ಇವುಗಳ ಯಜಮಾನ ಯಾರಿರಬಹುದು ಎಂದು ಯೋಚಿಸಿದ್ದ ಆಕೆಗೆ ಈಗ ಉತ್ತರ ಸಿಕ್ಕಿತ್ತು.

1889ರಲ್ಲಿ ತುರೀನಾ ಮರಳಿ ಬಂದು, ಸುವಾಕಿನ್‌ಗೆ ಹೊರಡು ಎಂದರು. ಬಖೀತಾ ಬರುವುದಿಲ್ಲ ಎಂದಳು. ಮೂರು ದಿನ ಒತ್ತಾಯ ನಡೆಯಿತು. ಉಪಕಾರ ಮರೆತವಳು ಎಂಬ ಬೈಗುಳ ಬಂತು. ಮಿಮ್ಮಿನಾಳನ್ನು ಅಗಲುವುದು ಆಕೆಗೂ ಸಂಕಟವೇ. ಹೊರಗೆ ಹೋದರೆ ಊರಿಲ್ಲ, ಬಂಧುಗಳಿಲ್ಲ, ಕೈಯಲ್ಲಿ ಕಾಸಿಲ್ಲ, ಭಾಷೆಯೂ ಅಷ್ಟಕ್ಕಷ್ಟೆ. ದೇವರನ್ನು ಕಳೆದುಕೊಳ್ಳುವ ಅಪಾಯಕ್ಕೆ ಮಾತ್ರ ಆಕೆ ಸಿದ್ಧಳಿರಲಿಲ್ಲ. ಉಳಿದುದನ್ನು ಆತನೇ ನೋಡಿಕೊಳ್ಳುತ್ತಾನೆ ಎಂಬ ಒಂದೇ ಧೈರ್ಯ.

ಆ ಧೈರ್ಯಕ್ಕೆ ಮನುಷ್ಯರ ಆಸರೆಯೂ ಸಿಕ್ಕಿತು, ಇದನ್ನು ನಾವು ಮರೆಯಬಾರದು. ಭಗಿನಿಯರು ಬಾಗಿಲು ತೆರೆದು ಕಳುಹಿಸಿಬಿಡಲಿಲ್ಲ. ಮಠದ ಮುಖ್ಯಸ್ಥೆ ವೆನಿಸ್ಸಿನ ಕಾರ್ಡಿನಲ್ ದೊಮೆನಿಕೊ ಅಗೊಸ್ತೀನಿ ಅವರಿಗೆ ವಿಷಯ ಮುಟ್ಟಿಸಿದರು. ಸರ್ಕಾರಿ ವಕೀಲರಿಗೂ ದೂರು ಹೋಯಿತು. ನವೆಂಬರ್ 29ರಂದು ತೀರ್ಮಾನವಾಯಿತು: ಇಟಲಿಯ ಕಾನೂನಿನಲ್ಲಿ ಗುಲಾಮಗಿರಿಗೆ ಜಾಗವೇ ಇಲ್ಲ, ಆದ್ದರಿಂದ ಈಕೆ ಯಾರ ಸೊತ್ತೂ ಅಲ್ಲ.

ನಮ್ಮಲ್ಲಿಯೂ ಕಾನೂನು ಇದೆ. 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಮುಂಗಡದ ಸಾಲ ತೋರಿಸಿ ಒಬ್ಬರನ್ನು ದುಡಿಮೆಗೆ ಕಟ್ಟಿಹಾಕುವುದು ಅಪರಾಧ. ಜೀತದ ಸಾಲವನ್ನು ತೀರಿಸಬೇಕಾಗಿಯೂ ಇಲ್ಲ. ಜಿಲ್ಲಾಧಿಕಾರಿಗಳಿಗೆ, ಉಪವಿಭಾಗಾಧಿಕಾರಿಗಳಿಗೆ ದೂರು ಕೊಡಬಹುದು. ಆದರೆ ಅಂಥ ಕಚೇರಿಯವರೆಗೆ ಒಂಟಿ ಹುಡುಗಿ ಹೋಗುವುದು ಹೇಗೆ? ವೆನಿಸ್ಸಿನಲ್ಲಿ ಆ ದಾರಿ ನಡೆದವರು ಧರ್ಮಭಗಿನಿಯರು.

1890ರ ಜನವರಿ 9ರಂದು ಬಖೀತಾ ಜೋಸೆಫಿನ್ ಎಂಬ ಹೆಸರಿನಲ್ಲಿ ದೀಕ್ಷಾಸ್ನಾನ, ದೃಢೀಕರಣ, ಪರಮಪ್ರಸಾದ ಪಡೆದರು. ಮುಂದೆ ಅದೇ ಭಗಿನಿಯರ ಸಭೆ ಸೇರಿ 1896ರ ಡಿಸೆಂಬರ್ 8ರಂದು ವ್ರತ ಸ್ವೀಕರಿಸಿದರು. 1902ರಿಂದ ಸ್ಕೀಯೊ ಪಟ್ಟಣದ ಮಠದಲ್ಲಿ ಅಡುಗೆ, ಹೊಲಿಗೆ, ದೇವಾಲಯದ ಕೆಲಸ, ಕೊನೆಗೆ ಬಾಗಿಲು ಕಾಯುವ ಕೆಲಸ. ಬಂದ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಿದ್ದರು.

ತನ್ನನ್ನು ಕದ್ದವರು, ಹಿಂಸಿಸಿದವರು ಎದುರಾದರೆ ಮೊಣಕಾಲೂರಿ ಅವರ ಕೈಗೆ ಮುತ್ತಿಡುವೆ, ಅವರಿಂದಲ್ಲವೇ ತಾನು ಕ್ರೈಸ್ತಳಾದದ್ದು ಎಂದು ಅವರು ಹೇಳಿದ್ದುಂಟು. ಪ್ರಸಂಗಗಳಲ್ಲಿ ಇದನ್ನು ಬಹಳ ಕೇಳುತ್ತೇವೆ. ಇದನ್ನು ಹಿಡಿದು ಕಷ್ಟದಲ್ಲಿರುವ ಕೆಲಸದವರಿಗೆ ಸಹಿಸಿಕೊಂಡಿರು ಎಂದು ಬುದ್ಧಿ ಹೇಳುವುದು ಸರಿಯಲ್ಲ ಎಂಬುದು ನಮ್ಮ ಅನಿಸಿಕೆ. ಕ್ಷಮೆಯ ಈ ಮಾತನ್ನು ಬಖೀತಾ ಆಡಿದ್ದು ಯಜಮಾನಿಗೆ ಇಲ್ಲ ಎಂದು ಹೇಳಿ, ಸ್ವತಂತ್ರರಾದ ಮೇಲೆ.

ಕೊನೆಯ ಕಾಯಿಲೆಯ ಜ್ವರದಲ್ಲಿ ಹಳೆಯ ದಿನಗಳು ಮರಳಿ ಬಂದವು. ಸರಪಳಿ ಭಾರವಾಗಿದೆ, ಸ್ವಲ್ಪ ಸಡಿಲಿಸಿ ಎಂದು ಆರೈಕೆ ಮಾಡುತ್ತಿದ್ದವರನ್ನು ಬೇಡಿಕೊಳ್ಳುತ್ತಿದ್ದರು. 1947ರ ಫೆಬ್ರವರಿ 8ರಂದು ಸ್ಕೀಯೊದಲ್ಲಿ ತೀರಿಕೊಂಡರು. ಪೋಪ್ ಎರಡನೇ ಜಾನ್ ಪಾಲ್ 2000ದ ಅಕ್ಟೋಬರ್ 1ರಂದು ಅವರನ್ನು ಸಂತರೆಂದು ಘೋಷಿಸಿದರು. 2015ರಿಂದ ಅವರ ಹಬ್ಬದ ದಿನವನ್ನು ಧರ್ಮಸಭೆ ಮಾನವ ಕಳ್ಳಸಾಗಣೆಯ ವಿರುದ್ಧ ಪ್ರಾರ್ಥನೆಯ ದಿನವಾಗಿ ಆಚರಿಸುತ್ತಿದೆ.