ಆಲ್‌ಫ್ರೆಡ್ ಬ್ಲೇಲಾಕ್ ಮತ್ತು ಥೈಮಸ್ ಗ್ರಂಥಿ

ಆಲ್‌ಫ್ರೆಡ್ ಬ್ಲೇಲಾಕರ ಹೆಸರು ಕೇಳಿದೊಡನೆ ನೆನಪಾಗುವುದು, 1944ರಲ್ಲಿ ಅವರು ಮೈ ನೀಲಿಗಟ್ಟಿದ ಹಸುಗೂಸೊಂದರ ರಕ್ತನಾಳಗಳನ್ನು ಜೋಡಿಸಿದ ಸಂಗತಿ. ಆ ಕೀರ್ತಿಯ ಮರೆಯಲ್ಲಿ ಉಳಿದುಹೋದ ಇನ್ನೊಂದು ಕಾರ್ಯವುಂಟು. ಕಲಾವಿಭಾಗದ ವಿದ್ಯಾರ್ಥಿಯಾದ ನನ್ನ ಮನಸ್ಸನ್ನು ಹಿಡಿದುದು ಅದೇ.

ಅವರು ಹುಟ್ಟಿದ್ದು 1899ರಲ್ಲಿ, ಅಮೆರಿಕದ ಜಾರ್ಜಿಯ ಸಂಸ್ಥಾನದ ಒಂದು ಸಣ್ಣ ಊರಿನಲ್ಲಿ. 1922ರಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ವೈದ್ಯಪದವಿ ಪಡೆದರು. ಅಲ್ಲಿಯೇ ಶಸ್ತ್ರವೈದ್ಯರಾಗುವ ಆಸೆ ಕೈಗೂಡದೆ ನ್ಯಾಶ್‌ವಿಲ್‌ನ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಹೋದರು. ಕ್ಷಯ ತಗುಲಿ ಕೆಲಕಾಲ ಹಾಸಿಗೆಯನ್ನೂ ಹಿಡಿದರು. 1930ರಿಂದ ಅವರ ಪ್ರಯೋಗಶಾಲೆಯಲ್ಲಿ ಬಲಗೈಯಾಗಿದ್ದವರು ವಿವಿಯನ್ ಥಾಮಸ್ ಎಂಬ ನೀಗ್ರೋ ಜನಾಂಗದ ತರುಣರು. ಬಡಗಿಯ ಕೆಲಸ ಬಲ್ಲ ಅವರಿಗೆ ಕಾಲೇಜಿನ ಭಾಗ್ಯ ದೊರೆಯಲಿಲ್ಲ. ಮಾಡುತ್ತಿದ್ದುದು ಸಂಶೋಧನೆ, ಸಂಬಳದ ಪಟ್ಟಿಯಲ್ಲಿ ಮಾತ್ರ ಅವರು ಜಾಡಮಾಲಿ! ಮನೆತನದಲ್ಲಿ ಮೊದಲಿಗನಾಗಿ ಕಾಲೇಜು ಮೆಟ್ಟಿಲೇರಿದ ನಾನು ಈ ಸಂಗತಿಯನ್ನು ಸುಮ್ಮನೆ ದಾಟಿ ಹೋಗಲಾರೆ. ಹಾಪ್‌ಕಿನ್ಸ್ ಅವರಿಗೆ ಗೌರವ ಡಾಕ್ಟರೇಟ್ ನೀಡಿದ್ದು 1976ರಲ್ಲಿ.

ಈಗ ಆ ಇನ್ನೊಂದು ಕಾರ್ಯಕ್ಕೆ ಬರೋಣ. ಮಯಸ್ತೇನಿಯ ಗ್ರೇವಿಸ್ ಎಂಬ ರೋಗವಿದೆ. ಬೆಳಿಗ್ಗೆ ಚೆನ್ನಾಗಿ ತೆರೆದ ರೆಪ್ಪೆ ಸಂಜೆಗೆ ತಾನಾಗಿ ಇಳಿಯುತ್ತದೆ; ತುತ್ತು ಅಗಿಯುವಷ್ಟರಲ್ಲಿ ದವಡೆ ಸೋಲುತ್ತದೆ; ಉಸಿರಾಟದ ಸ್ನಾಯು ಸೋತರೆ ಪ್ರಾಣಕ್ಕೇ ಅಪಾಯ. ಇಂಥ ಕೆಲವರಲ್ಲಿ ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇರುವುದನ್ನು ವೈದ್ಯರು ಬಹಳ ಹಿಂದೆಯೇ ಕಂಡಿದ್ದರು. ಜ್ಯೂರಿಕ್‌ನಲ್ಲಿ ಸೌವರ್‌ಬ್ರುಖ್ 1911ರಷ್ಟು ಹಿಂದೆಯೇ ಒಬ್ಬ ರೋಗಿಯ ಥೈಮಸ್ಸನ್ನು ತೆಗೆದಿದ್ದರೂ ಆ ದಾರಿ ಹೆಚ್ಚು ಮುಂದುವರಿದಿರಲಿಲ್ಲ. 1936ರಲ್ಲಿ ಬ್ಲೇಲಾಕರು ಒಬ್ಬ ಯುವತಿಯ ಎದೆಯನ್ನು ತೆರೆದು ಆ ಗಡ್ಡೆಯನ್ನು ತೆಗೆದರು. ಆಕೆ ಚೇತರಿಸಿಕೊಂಡಳು. ವರದಿ ಅಚ್ಚಾದುದು ಮೂರು ವರ್ಷಗಳ ಮೇಲೆ, 1939ರಲ್ಲಿ.

1941ರಲ್ಲಿ ಹಾಪ್‌ಕಿನ್ಸ್‌ಗೆ ಮರಳಿದ ಅವರು ಇನ್ನೂ ದಿಟ್ಟ ಹೆಜ್ಜೆಯಿಟ್ಟರು: ಗಡ್ಡೆಯೇ ಇಲ್ಲದ ರೋಗಿಗಳ ಥೈಮಸ್ಸನ್ನೂ ತೆಗೆಯತೊಡಗಿದರು. 1944ರ ಹೊತ್ತಿಗೆ ಇಂಥ ಶಸ್ತ್ರಚಿಕಿತ್ಸೆಗಳು ಇಪ್ಪತ್ತಾದವು. ಆ ಗ್ರಂಥಿಯ ಕೆಲಸವೇನೆಂಬುದು ಮಾತ್ರ ಅವರಿಗಾಗಲಿ ಅಂದಿನ ಬೇರೆ ಯಾರಿಗಾಗಲಿ ತಿಳಿದಿರಲಿಲ್ಲ. ಅವರ ಗಮನ ಹೃದಯದತ್ತ ಹರಿದ ಮೇಲೆ ಈ ಕಾರ್ಯವನ್ನು ಲಂಡನ್ನಿನಲ್ಲಿ ಬೆಳೆಸಿದವರಲ್ಲಿ ಜೆಫ್ರಿ ಕೇನ್ಸ್ ಮುಖ್ಯರು. ನಮ್ಮ ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಬರುವ ಕೇನ್ಸರ ತಮ್ಮ.

ಥೈಮಸ್ ದೇಹರಕ್ಷಣೆಯ ಜೀವಕೋಶಗಳನ್ನು ಪಳಗಿಸುವ ತಾಣವೆಂದು ಜಾಕ್ ಮಿಲ್ಲರ್ 1961ರಲ್ಲಿ ತೋರಿಸಿಕೊಟ್ಟರು. ಈ ರೋಗದಲ್ಲಿ ದೇಹದ ರಕ್ಷಣಾಶಕ್ತಿಯೇ ನರ ಮತ್ತು ಸ್ನಾಯು ಕೂಡುವೆಡೆಯನ್ನು ಕೆಡಿಸುತ್ತದೆಂಬುದು 1970ರ ದಶಕದಲ್ಲಿ ಸ್ಪಷ್ಟವಾಯಿತು. ಬ್ಲೇಲಾಕರು 1964ರಲ್ಲಿ ತೀರಿಕೊಂಡಿದ್ದರು. ಗಡ್ಡೆಯಿಲ್ಲದವರಿಗೂ ಅವರ ಚಿಕಿತ್ಸೆ ಫಲಕಾರಿಯೆಂದು 126 ರೋಗಿಗಳ ಪರೀಕ್ಷೆಯಿಂದ ಸಿದ್ಧವಾದುದು 2016ರಲ್ಲಿ. ಗಡ್ಡೆಯಿದ್ದವರಿಗೆ, ಅದನ್ನು ತೆಗೆಯಲು ಸಾಧ್ಯವಿದ್ದರೆ, ಪೂರ್ತಿಯಾಗಿ ತೆಗೆಯುವುದೇ ಇಂದಿಗೂ ಮುಖ್ಯ ಚಿಕಿತ್ಸೆ; ಅದು ಪೊರೆ ದಾಟಿ ಹರಡಿದ್ದರೆ ವಿಕಿರಣವನ್ನೋ ಔಷಧವನ್ನೋ ಜೊತೆಗೂಡಿಸುತ್ತಾರೆ.