ಲೇಡಿ ಮೆಹರ್‌ಬಾಯಿ ಟಾಟಾ

ಸೂರತ್ ನಗರದಿಂದ ಮುಂಬಯಿಯ ಕಡೆಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಸ್ವಲ್ಪ ಹೊತ್ತಿನಲ್ಲಿಯೇ ನವಸಾರಿ ಎಂಬ ಊರು ಎದುರಾಗುತ್ತದೆ. ಬಹು ಶತಮಾನಗಳ ಹಿಂದೆ ಪರ್ಷಿಯಾ ದೇಶವನ್ನು ಬಿಟ್ಟು ಬಂದು ಗುಜರಾತಿನ ಕರಾವಳಿಯಲ್ಲಿ ನೆಲಸಿದ ಪಾರ್ಸಿ ಜನರಿಗೆ ಸೂರತ್ ಮತ್ತು ನವಸಾರಿಗಳು ತವರಿದ್ದಂತೆ. ನಮ್ಮ ದೇಶದಲ್ಲಿ ದೊಡ್ಡ ಕೈಗಾರಿಕೆಗಳಿಗೆ ಅಡಿಗಲ್ಲನ್ನಿಟ್ಟ ಜಮ್‌ಷೆಡ್‌ಜಿ ಟಾಟಾರವರು 1839ರಲ್ಲಿ ಜನಿಸಿದುದು ಈ ನವಸಾರಿಯಲ್ಲಿಯೇ. ಅವರ ಹೆಸರನ್ನು ಕೇಳದ ವಿದ್ಯಾರ್ಥಿ ಇರಲಾರನು. ಆದರೆ ಅವರ ಹಿರಿಯ ಸೊಸೆಯಾದ ಮೆಹರ್‌ಬಾಯಿಯವರು ಕನ್ನಡ ನಾಡಿನಲ್ಲಿ ಬೆಳೆದು ಕನ್ನಡ ನಾಡಿನಲ್ಲಿಯೇ ವಿದ್ಯೆ ಕಲಿತವರೆಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಆ ಮಹಿಳೆಯ ಬಾಳನ್ನು ಅಕಾಲದಲ್ಲಿ ಮುಗಿಸಿದ ಒಂದು ರೋಗವೇ ನಮ್ಮ ದೇಶದಲ್ಲಿ ಕ್ಯಾನ್ಸರ್ ಸಂಶೋಧನೆ ಬೇರೂರುವುದಕ್ಕೆ ಕಾರಣವಾಯಿತು. ಆ ಕಥೆಯನ್ನು ಇಲ್ಲಿ ಸಂಗ್ರಹವಾಗಿ ಹೇಳಿದೆ.

ಮೆಹರ್‌ಬಾಯಿಯವರು 1879ನೆಯ ಇಸವಿ ಅಕ್ಟೋಬರ್ 10ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಹೊರ್ಮುಸ್‌ಜಿ ಭಾಭಾರವರು ಇಂಗ್ಲೆಂಡಿನಲ್ಲಿ ವ್ಯಾಸಂಗ ಮಾಡಿ ಬಂದ ವಿದ್ವಾಂಸರು. ಮಗಳಿಗೆ ಐದು ವರ್ಷವಾಗುವ ಹೊತ್ತಿಗೆ, 1884ರಲ್ಲಿ, ಈ ಕುಟುಂಬವು ಬೆಂಗಳೂರಿಗೆ ಬಂದು ನೆಲಸಿತು. ಬಾಲಕಿಯು ಅಲ್ಲಿಯ ಬಿಷಪ್ ಕಾಟನ್ ಶಾಲೆಗೆ ಸೇರಿದಳು. ಕೆಲವು ವರ್ಷಗಳ ತರುವಾಯ ತಂದೆಯವರು ಮೈಸೂರಿನ ಮಹಾರಾಜಾ ಕಾಲೇಜಿನ ಪ್ರಿನ್ಸಿಪಾಲರಾದರು. ಮುಂದೆ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಪದವಿಗೂ ಏರಿದರು. ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ಮೆಹರ್‌ಬಾಯಿಯವರು ಮೈಸೂರಿನಲ್ಲಿ ಇಂಗ್ಲಿಷ್, ಲ್ಯಾಟಿನ್ ಭಾಷೆಗಳನ್ನು ಓದಿದರು. ಕಾಲೇಜಿನ ತರಗತಿಗಳಲ್ಲಿ ವಿಜ್ಞಾನವನ್ನೂ ಕಲಿತರು. ಪಿಯಾನೋ ವಾದನದಲ್ಲಿ ಅವರಿಗೆ ಒಳ್ಳೆಯ ಪರಿಶ್ರಮವಿತ್ತು. ಟೆನಿಸ್ ಆಟದಲ್ಲಿಯಂತೂ ಅವರನ್ನು ಸರಿಗಟ್ಟುವವರು ವಿರಳ.

ಜಮ್‌ಷೆಡ್‌ಜಿಯವರಿಗೆ ಮೈಸೂರು ಸಂಸ್ಥಾನದೊಡನೆ ನಿಕಟವಾದ ಸಂಬಂಧವಿತ್ತು. ಬೆಂಗಳೂರಿನಲ್ಲಿ ಅವರು ರೇಷ್ಮೆಯ ತೋಟವೊಂದನ್ನು ಸ್ಥಾಪಿಸಿದ್ದರು. ಬಸವನಗುಡಿಯ ಹತ್ತಿರದ ಒಂದು ಬಡಾವಣೆಗೆ ಇಂದಿಗೂ ಆ ಹೆಸರೇ ಉಳಿದಿದೆ. ಮೈಸೂರಿಗೆ ಬಂದಾಗ ಅವರು ಭಾಭಾರವರ ಮನೆಯನ್ನು ಕಂಡು, ಆ ಸುಶಿಕ್ಷಿತ ಕುಟುಂಬವನ್ನು ಬಹಳವಾಗಿ ಮೆಚ್ಚಿಕೊಂಡರು. ತಮ್ಮ ಹಿರಿಯ ಮಗ ದೋರಾಬ್ಜಿಯವರಿಗೂ ಆ ಮನೆಗೆ ಹೋಗಿಬರುವಂತೆ ಹೇಳಿದರು. 1898ನೆಯ ಇಸವಿ ಫೆಬ್ರವರಿ 14ರಂದು ದೋರಾಬ್ಜಿಯವರಿಗೂ ಮೆಹರ್‌ಬಾಯಿಯವರಿಗೂ ವಿವಾಹವಾಯಿತು. ಆಗ ವಧುವಿಗೆ ಹದಿನೆಂಟು ವರ್ಷ, ವರನಿಗೆ ಮೂವತ್ತೆಂಟು.

ಸಿರಿವಂತರ ಮನೆಯನ್ನು ಸೇರಿದರೂ ಮೆಹರ್‌ಬಾಯಿಯವರು ಭೋಗದಲ್ಲಿ ಮೈಮರೆಯಲಿಲ್ಲ. ಸೀರೆಯನ್ನುಟ್ಟುಕೊಂಡೇ ಟೆನಿಸ್ ಆಡಿ ಅರುವತ್ತಕ್ಕೂ ಹೆಚ್ಚು ಬಹುಮಾನಗಳನ್ನು ಗಳಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಿಗಾಗಿ ಭಾರತದ ಪರವಾಗಿ ಮಿಶ್ರ ಡಬಲ್ಸ್ ಪಂದ್ಯಕ್ಕೆ ಮಹಮ್ಮದ್ ಸಲೀಮರೊಡನೆ ಅವರ ಹೆಸರೂ ಸೇರಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ರೆಡ್ ಕ್ರಾಸ್ ಸಂಸ್ಥೆಗಾಗಿ ದುಡಿದರು. 1925ರಲ್ಲಿ ಆರಂಭವಾದ ಭಾರತೀಯ ಮಹಿಳೆಯರ ರಾಷ್ಟ್ರೀಯ ಸಮಿತಿಯ ಸ್ಥಾಪಕರಲ್ಲಿ ಅವರೂ ಒಬ್ಬರು. ಸ್ತ್ರೀಶಿಕ್ಷಣಕ್ಕಾಗಿಯೂ ಪರದೆಯ ಪದ್ಧತಿಯ ನಿರ್ಮೂಲನಕ್ಕಾಗಿಯೂ ಶ್ರಮಿಸಿದರು. ಬಾಲ್ಯವಿವಾಹವನ್ನು ತಡೆಗಟ್ಟಬೇಕೆಂದು 1927ರಲ್ಲಿ ಅಮೆರಿಕದ ಸಭೆಯೊಂದರಲ್ಲಿ ಭಾಷಣ ಮಾಡಿದರು. ಎರಡು ವರ್ಷಗಳಲ್ಲಿ, ಎಂದರೆ 1929ರಲ್ಲಿ, ಶಾರದಾ ಕಾಯಿದೆಯು ಅಂಗೀಕಾರವಾಯಿತು.

ಅವರ ಬಾಳಿನಲ್ಲಿ ಒಂದು ವಜ್ರದ ಪ್ರಸಂಗವಿದೆ. ಜ್ಯೂಬಿಲಿ ವಜ್ರವೆಂಬ ಹೆಸರಿನ ಆ ಹರಳು ದಕ್ಷಿಣ ಆಫ್ರಿಕದ ಗಣಿಯಲ್ಲಿ ದೊರೆತುದು. ಅದರ ತೂಕ 245 ಕ್ಯಾರೆಟ್, ಎಂದರೆ ಕೊಹಿನೂರ್ ವಜ್ರಕ್ಕಿಂತ ಎರಡು ಪಾಲಿಗೂ ಹೆಚ್ಚು. ದೋರಾಬ್ಜಿಯವರು ಅದನ್ನು ಕೊಂಡು ಪತ್ನಿಗೆ ಪ್ರೀತಿಯ ಕಾಣಿಕೆಯಾಗಿ ಕೊಟ್ಟಿದ್ದರು. 1924ರಲ್ಲಿ ಟಾಟಾರವರ ಉಕ್ಕಿನ ಕಾರ್ಖಾನೆಯು ದೊಡ್ಡ ಸಂಕಟಕ್ಕೆ ಸಿಕ್ಕಿತು. ಜಮ್‌ಷೆಡ್‌ಪುರದ ಕೆಲಸಗಾರರಿಗೆ ಸಂಬಳ ಕೊಡಲು ಕೂಡ ಹಣವಿಲ್ಲದಾಯಿತು. ಆಗ ದೋರಾಬ್ಜಿಯವರು ತಮ್ಮ ಸ್ವಂತ ಆಸ್ತಿಯೆಲ್ಲವನ್ನೂ ಇಂಪೀರಿಯಲ್ ಬ್ಯಾಂಕಿನಲ್ಲಿ ಒತ್ತೆಯಿಟ್ಟು ಒಂದು ಕೋಟಿ ರೂಪಾಯಿ ಸಾಲ ತಂದರು. ಆ ಒತ್ತೆಯಲ್ಲಿ ಮೆಹರ್‌ಬಾಯಿಯವರ ಒಡವೆಗಳೂ ಸೇರಿದ್ದುವು. ಕಾರ್ಖಾನೆಯು ಉಳಿಯಿತು. ಒಡವೆ ಕೊರಳಿಗೆ ಶೋಭೆ ಕೊಡುವುದಕ್ಕಿಂತ ಅನ್ನಕ್ಕೆ ದಾರಿಯಾಗುವುದು ಮೇಲೆಂಬುದನ್ನು ಆ ದಂಪತಿಗಳು ನಡೆದು ತೋರಿಸಿದರು.

ಇಂತಹ ಚಟುವಟಿಕೆಯ ಮಹಿಳೆಗೆ ಐವತ್ತು ದಾಟುತ್ತಿದ್ದಂತೆಯೇ ಲ್ಯೂಕೀಮಿಯಾ ಎಂಬ ರೋಗವು ತಗುಲಿತು. ಇದು ರಕ್ತದ ಕ್ಯಾನ್ಸರ್. ನಮ್ಮ ಎಲುಬುಗಳ ಒಳಗಿನ ಮಜ್ಜೆಯಲ್ಲಿ ರಕ್ತದ ಕಣಗಳು ಹುಟ್ಟುತ್ತವೆ. ಕೆಂಪು ಕಣಗಳು ಪ್ರಾಣವಾಯುವನ್ನು ಒಯ್ಯುತ್ತವೆ. ಬಿಳಿಯ ಕಣಗಳು ರೋಗಾಣುಗಳೊಡನೆ ಹೋರಾಡುತ್ತವೆ. ಕಿರುಬಿಲ್ಲೆಗಳು ರಕ್ತಸ್ರಾವವನ್ನು ನಿಲ್ಲಿಸುತ್ತವೆ. ಈ ರೋಗದಲ್ಲಿ ಬಲಿಯದ ಬಿಳಿಯ ಕಣಗಳು ಅಂಕೆಯಿಲ್ಲದೆ ಬೆಳೆದು, ಹೊಲದಲ್ಲಿ ಕಳೆ ಹಬ್ಬಿದಂತೆ, ಮಜ್ಜೆಯನ್ನೆಲ್ಲ ತುಂಬಿಬಿಡುತ್ತವೆ. ಆಗ ಒಳ್ಳೆಯ ಕಣಗಳಿಗೆ ಎಡೆಯಿಲ್ಲದಾಗಿ ರೋಗಿಯು ರಕ್ತಹೀನನಾಗಿ ಬಳಲುತ್ತಾನೆ. ಸಣ್ಣ ಸೋಂಕು ಕೂಡ ಪ್ರಾಣಕ್ಕೆ ಅಪಾಯ ತರುತ್ತದೆ. ಆ ಕಾಲದ ವೈದ್ಯರ ಬಳಿ ಇದಕ್ಕೆ ಇದ್ದುದು ಪಾಷಾಣದ ದ್ರಾವಣ ಮತ್ತು ಎಕ್ಸ್-ರೇ ಕಿರಣಗಳು ಮಾತ್ರ. ಅವುಗಳಿಂದ ಕೆಲವು ಕಾಲ ಉಪಶಮನ ದೊರೆಯುತ್ತಿತ್ತೇ ಹೊರತು ರೋಗವು ಗುಣವಾಗುತ್ತಿರಲಿಲ್ಲ. ಹಣದಿಂದ ಕೊಳ್ಳಬಹುದಾದ ಚಿಕಿತ್ಸೆಯೆಲ್ಲವೂ ಅವರಿಗೆ ದೊರೆಯುವಂತಿದ್ದರೂ ಕೊಳ್ಳುವುದಕ್ಕೆ ಮದ್ದೇ ಇರಲಿಲ್ಲ. 1931ನೆಯ ಇಸವಿ ಜೂನ್ 18ರಂದು ಬ್ರಿಟನ್ನಿನ ವೇಲ್ಸ್ ಪ್ರಾಂತದ ರುಥಿನ್ ಎಂಬಲ್ಲಿ ಅವರು ಕಣ್ಣು ಮುಚ್ಚಿದರು. ಲಂಡನ್ನಿನ ಸಮೀಪದ ಬ್ರುಕ್‌ವುಡ್ ಎಂಬಲ್ಲಿ ಅವರ ಸಮಾಧಿಯಿದೆ.

ಮಕ್ಕಳಿಲ್ಲದ ದೋರಾಬ್ಜಿಯವರಿಗೆ ಈ ದುಃಖವು ಸಹಿಸಲಸಾಧ್ಯವಾಯಿತು. ಹೆಂಡತಿಯ ನೆನಪಿಗಾಗಿ ಅವರು ಅಮೃತಶಿಲೆಯ ಭವನವನ್ನು ಕಟ್ಟಿಸಬಹುದಾಗಿತ್ತು. ಆದರೆ 1932ರ ಏಪ್ರಿಲ್ ತಿಂಗಳಿನಲ್ಲಿ ಅವರು ಲೇಡಿ ಟಾಟಾ ಸ್ಮಾರಕ ಟ್ರಸ್ಟನ್ನು ಸ್ಥಾಪಿಸಿ, ಅದರ ಆದಾಯದ ದೊಡ್ಡ ಭಾಗವು ಪ್ರಪಂಚದ ಯಾವ ದೇಶದವರಾದರೂ ಸರಿಯೆ, ಲ್ಯೂಕೀಮಿಯಾದ ಬಗ್ಗೆ ಸಂಶೋಧನೆ ನಡೆಸುವ ವಿಜ್ಞಾನಿಗಳಿಗೆ ಸಲ್ಲಬೇಕೆಂದು ವಿಧಿಸಿದರು. ಉಳಿದ ಭಾಗವು ಭಾರತದಲ್ಲಿ ರೋಗದಿಂದ ನರಳುವವರ ಕಷ್ಟ ಪರಿಹಾರಕ್ಕಾಗಿ ನಡೆಯುವ ಸಂಶೋಧನೆಗೆ ಮೀಸಲಾಯಿತು. ತಮ್ಮ ಮಿಕ್ಕ ಸಂಪತ್ತನ್ನೆಲ್ಲ ಇನ್ನೊಂದು ಟ್ರಸ್ಟಿಗೆ ಬರೆದುಕೊಟ್ಟರು. ಪತ್ನಿಯ ಸಮಾಧಿಯ ದರ್ಶನಕ್ಕೆಂದು ಹೊರಟವರು ದಾರಿಯಲ್ಲಿ, ಜರ್ಮನಿಯ ಬಾಡ್ ಕಿಸ್ಸಿಂಗೆನ್ ಎಂಬಲ್ಲಿ, ಅದೇ ವರ್ಷದ ಜೂನ್ 3ರಂದು ತೀರಿಕೊಂಡರು. ಪತ್ನಿಯ ಮೊದಲನೆಯ ವರ್ಷದ ಪುಣ್ಯತಿಥಿಗೆ ಆಗ ಹದಿನೈದು ದಿನಗಳು ಮಾತ್ರ ಉಳಿದಿದ್ದುವು. ಜ್ಯೂಬಿಲಿ ವಜ್ರವನ್ನು ಮುಂದೆ ಮಾರಲಾಗಿ, ಅದರ ಹಣವು ದೋರಾಬ್ಜಿಯವರ ಟ್ರಸ್ಟನ್ನು ಸೇರಿತು.

ಆ ಟ್ರಸ್ಟಿನ ಹಣದಿಂದಲೇ ಮುಂಬಯಿಯ ಪರೇಲಿನಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯ ಕಟ್ಟಡವು ಎದ್ದಿತು. 1941ನೆಯ ಇಸವಿ ಫೆಬ್ರವರಿ 28ರಂದು ಅದರ ಬಾಗಿಲು ತೆರೆಯಿತು. ಮೊದಲು ಅಲ್ಲಿದ್ದುದು 80 ಹಾಸಿಗೆಗಳು. ರೋಗಿಗಳ ವಾರ್ಡುಗಳ ಜೊತೆಗೆ ಪ್ರಯೋಗಶಾಲೆಯೂ ಅಲ್ಲಿತ್ತು, ಡಾಕ್ಟರ್ ವಿ. ಆರ್. ಖಾನೋಲ್ಕರರು ಅದರ ಹೊಣೆಯನ್ನು ವಹಿಸಿಕೊಂಡು ನಮ್ಮ ಜನರಲ್ಲಿ ಹೊಗೆಸೊಪ್ಪಿನಿಂದ ಬರುವ ಬಾಯಿಯ ಕ್ಯಾನ್ಸರ್ ಮುಂತಾದುವನ್ನು ಅಭ್ಯಾಸ ಮಾಡಿದರು. ಹಾಸಿಗೆಯ ಪಕ್ಕದಲ್ಲಿ ವೈದ್ಯನಿಗೆ ಏಳುವ ಪ್ರಶ್ನೆಗೆ ಪ್ರಯೋಗಶಾಲೆಯಲ್ಲಿ ಉತ್ತರ ಹುಡುಕಬೇಕು. ಅಲ್ಲಿ ದೊರೆತ ಉತ್ತರವನ್ನು ಮತ್ತೆ ಹಾಸಿಗೆಯ ಪಕ್ಕಕ್ಕೆ ತಂದು ಒರೆಗೆ ಹಚ್ಚಬೇಕು. ಕ್ಯಾನ್ಸರ್ ಸಂಶೋಧನೆಯ ಮರ್ಮವಿರುವುದು ಇದರಲ್ಲಿಯೇ.

ಇಂತಹ ಕೆಲಸವು ಎಷ್ಟು ನಿಧಾನವಾದುದು, ಎಷ್ಟು ಕೈಗಳಿಂದ ಆಗುವಂತಹದು ಎಂಬುದಕ್ಕೆ ಲ್ಯೂಕೀಮಿಯಾದ ಮದ್ದಿನ ಕಥೆಯೇ ಸಾಕ್ಷಿ. ಮೆಹರ್‌ಬಾಯಿಯವರು ತೀರಿಕೊಂಡ 1931ರಲ್ಲಿಯೇ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆಯು ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಯು ಯೀಸ್ಟಿನ ಸಾರವನ್ನು ತಿನ್ನಿಸಿದರೆ ಗುಣವಾಗುವುದೆಂದು ಪ್ರಕಟಿಸಿದರು. ಆ ಸಾರದಲ್ಲಿದ್ದ ಪೋಷಕ ವಸ್ತುವಿಗೆ ಮುಂದೆ ಫೋಲಿಕ್ ಆಮ್ಲವೆಂದು ಹೆಸರಾಯಿತು. ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ್ದ ಯಲ್ಲಾಪ್ರಗಡ ಸುಬ್ಬರಾಯರ ನೇತೃತ್ವದಲ್ಲಿ ಲೆಡರ್ಲಿ ಪ್ರಯೋಗಶಾಲೆಯವರು ಅದನ್ನು ಕೃತಕವಾಗಿ ತಯಾರಿಸಿದರು. ಒಳ್ಳೆಯ ಕಣಗಳ ಬೆಳವಣಿಗೆಗೆ ಫೋಲಿಕ್ ಆಮ್ಲವು ಬೇಕಾದರೆ, ಕೆಟ್ಟ ಕಣಗಳಿಗೂ ಅದು ಬೇಕಲ್ಲವೆ? ಹಾಗಾದರೆ ಅದನ್ನೇ ಹೋಲುವ, ಆದರೆ ಅದರ ಕೆಲಸವನ್ನು ಕೆಡಿಸುವ ವಸ್ತುವನ್ನು ಕೊಟ್ಟರೆ ರೋಗವು ಕುಗ್ಗಬೇಕು. ಇಂತಹ ವಸ್ತುವನ್ನೂ ಅವರೇ ತಯಾರಿಸಿ ಕೊಟ್ಟರು. ಬೋಸ್ಟನ್ ನಗರದ ಸಿಡ್ನಿ ಫಾರ್ಬರ್ ಎಂಬ ವೈದ್ಯರು ಅದನ್ನು 16 ಮಕ್ಕಳಿಗೆ ಕೊಟ್ಟು ನೋಡಿದರು. 10 ಮಕ್ಕಳಲ್ಲಿ ರೋಗವು ಕೆಲವು ಕಾಲ ಹಿಂಜರಿಯಿತು. ಈ ವರದಿಯು 1948ರಲ್ಲಿ ಪ್ರಕಟವಾಯಿತು. ಆ ಮಕ್ಕಳಿಗೆ ರೋಗವು ಮರುಕಳಿಸಿತೆಂಬುದು ನಿಜ. ಆದರೂ ದಾರಿಯೊಂದು ಕಂಡಿತು. ಅನೇಕ ಮದ್ದುಗಳನ್ನು ಜೊತೆಗೂಡಿಸಿ ಕೊಡುವುದನ್ನು ಕಲಿತ ಮೇಲೆ, ಒಳ್ಳೆಯ ಚಿಕಿತ್ಸೆ ದೊರೆಯುವ ಕಡೆಗಳಲ್ಲಿ, ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯ ಲ್ಯೂಕೀಮಿಯಾದಿಂದ ಹತ್ತು ಮಂದಿಯಲ್ಲಿ ಎಂಟಕ್ಕೂ ಹೆಚ್ಚು ಮಕ್ಕಳು ಇಂದು ಗುಣಹೊಂದುತ್ತಿದ್ದಾರೆ.

ಈ ಮದ್ದುಗಳು ಬಹು ತೀಕ್ಷ್ಣವಾದುವು. ಕೆಟ್ಟ ಕಣಗಳ ಜೊತೆಗೆ ಒಳ್ಳೆಯ ಕಣಗಳನ್ನೂ ಅವು ನೋಯಿಸುತ್ತವೆ. ಆದುದರಿಂದ ಮದ್ದನ್ನು ಕೊಡುವಷ್ಟೇ ಎಚ್ಚರದಿಂದ ರೋಗಿಗೆ ರಕ್ತವನ್ನು ಕೊಡುವುದು, ಸೋಂಕನ್ನು ತಡೆಯುವುದು, ಪುಷ್ಟಿಯಾದ ಆಹಾರವನ್ನು ಒದಗಿಸುವುದು, ವಾಕರಿಕೆಯನ್ನು ಶಮನಗೊಳಿಸುವುದು, ಇವೆಲ್ಲ ನಡೆಯಬೇಕು. ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ವಾಕರಿಕೆಗೆ ಕೊಡುವ ಓಲಾಂಜಪಿನ್ ಎಂಬ ಮದ್ದನ್ನು ಪರೀಕ್ಷಿಸಿ, ವಾಡಿಕೆಯ 10 ಮಿಲಿಗ್ರಾಮಿಗೆ ಬದಲಾಗಿ 2.5 ಮಿಲಿಗ್ರಾಮ್ ಕೊಟ್ಟರೂ ವಾಕರಿಕೆಯು ಅಷ್ಟೇ ಚೆನ್ನಾಗಿ ತಡೆಯಲ್ಪಡುವುದೆಂದೂ, ರೋಗಿಗಳಿಗೆ ಹಗಲಿನ ತೂಕಡಿಕೆ ಕಡಿಮೆಯಾಗುವುದೆಂದೂ 2024ರಲ್ಲಿ ತೋರಿಸಿಕೊಟ್ಟರು. ಸಣ್ಣ ವಿಷಯವೆಂದು ಇದನ್ನು ಕಡೆಗಣಿಸಬಾರದು. ಚಿಕಿತ್ಸೆಯನ್ನು ತಾಳಿಕೊಳ್ಳಲಾರದೆ ಅರ್ಧದಲ್ಲಿ ಬಿಟ್ಟುಹೋಗುವ ರೋಗಿಗೆ ಎಂತಹ ಉತ್ತಮ ಮದ್ದಿದ್ದರೂ ಫಲವೇನು?

ಮೆಹರ್‌ಬಾಯಿಯವರ ಸೋದರ ಜಹಾಂಗೀರ್ ಭಾಭಾರವರ ಮಗನೇ ಪ್ರಸಿದ್ಧ ಅಣುವಿಜ್ಞಾನಿ ಹೋಮಿ ಭಾಭಾ. ಅವರೂ ಕೆಲವು ವರ್ಷ ಬೆಂಗಳೂರಿನಲ್ಲಿ, ಜನರು ಟಾಟಾ ಇನ್‌ಸ್ಟಿಟ್ಯೂಟೆಂದು ಕರೆಯುವ ವಿಜ್ಞಾನ ಮಂದಿರದಲ್ಲಿ, ಕೆಲಸ ಮಾಡಿದವರು. 1957ರಲ್ಲಿ ಕೇಂದ್ರ ಸರಕಾರವು ವಹಿಸಿಕೊಂಡಿದ್ದ ಟಾಟಾ ಸ್ಮಾರಕ ಆಸ್ಪತ್ರೆಯು 1962ರಲ್ಲಿ ಭಾಭಾರವರು ನಡೆಸುತ್ತಿದ್ದ ಅಣುಶಕ್ತಿ ಇಲಾಖೆಗೆ ಸೇರಿತು. ಹೀಗೆ ಸೋದರತ್ತೆಯ ನೆನಪಿನ ಆಸ್ಪತ್ರೆಯು ಸೋದರಳಿಯನ ಕೈಗೆ ಬಂದಿತು. 1970ರ ದಶಕದ ಆರಂಭದಲ್ಲಿ ಅಹಮದಾಬಾದಿನಲ್ಲಿಯೂ ಬೆಂಗಳೂರಿನಲ್ಲಿಯೂ ಇಂತಹ ದೊಡ್ಡ ಕ್ಯಾನ್ಸರ್ ಸಂಸ್ಥೆಗಳು ಏರ್ಪಟ್ಟು, ಗುಜರಾತಿನ ಮತ್ತು ಕನ್ನಡ ನಾಡಿನ ರೋಗಿಗಳಿಗೆ ಚಿಕಿತ್ಸೆಯು ಹತ್ತಿರವಾಯಿತು. ರೋಗಿಯ ರಕ್ತದ ಬಿಳಿಯ ಕಣಗಳನ್ನೇ ತೆಗೆದು, ಕ್ಯಾನ್ಸರನ್ನು ಗುರುತಿಸುವಂತೆ ಮಾರ್ಪಡಿಸಿ, ಮತ್ತೆ ಅವನ ಮೈಗೆ ಸೇರಿಸುವ ಒಂದು ನವೀನ ಚಿಕಿತ್ಸೆಯನ್ನು ಮುಂಬಯಿಯ ಐ.ಐ.ಟಿ.ಯವರೂ ಟಾಟಾ ಸ್ಮಾರಕ ಆಸ್ಪತ್ರೆಯವರೂ ಜೊತೆಗೂಡಿ ರೂಪಿಸಿದರು. ಕೆಲವು ಬಗೆಯ ರಕ್ತದ ಕ್ಯಾನ್ಸರಿಗೆ ಅದನ್ನು ಬಳಸಲು 2023ರಲ್ಲಿ ಅನುಮತಿ ದೊರೆಯಿತು.

ವಿದ್ಯಾರ್ಥಿ ಮಿತ್ರರೇ, ಮೆಹರ್‌ಬಾಯಿಯವರು ಪ್ರಯೋಗಶಾಲೆಯಲ್ಲಿ ಕುಳಿತು ಸಂಶೋಧನೆ ಮಾಡಿದವರಲ್ಲ. ಅವರು ಬದುಕಿದ್ದಾಗ ಅವರ ಒಡವೆಗಳು ಕೆಲಸಗಾರರ ಮನೆಯ ಒಲೆ ಆರದಂತೆ ಕಾಪಾಡಿದುವು. ಅವರು ಹೋದ ಮೇಲೆ ಅವರ ವಜ್ರವು ರೋಗಿಗಳಿಗೆ ಆಸರೆಯಾಯಿತು. ಅವರಿಗೆ ದೊರೆಯದ ಮದ್ದು ಇಂದು ಯಾರೋ ಬಡವರ ಮಗುವಿಗೆ ದೊರೆಯುತ್ತಿದೆ. ನಿಮ್ಮಲ್ಲಿ ಮುಂದೆ ವೈದ್ಯರಾಗುವವರು, ವಿಜ್ಞಾನಿಗಳಾಗುವವರು ಇರಬಹುದು. ಈ ರೋಗದ ವಿಷಯದಲ್ಲಿ ಉತ್ತರ ದೊರೆಯದ ಪ್ರಶ್ನೆಗಳು ಇನ್ನೂ ಬಹಳವಾಗಿವೆ. ಅವುಗಳಲ್ಲಿ ಒಂದನ್ನಾದರೂ ಬಿಡಿಸಲು ನಿಮ್ಮಲ್ಲೊಬ್ಬರು ಮನಸ್ಸು ಮಾಡಿದರೆ, ಮೈಸೂರಿನಲ್ಲಿ ಓದಿ ಬೆಳೆದ ಆ ಮಹಿಳೆಗೆ ಅದಕ್ಕಿಂತ ತಕ್ಕ ಸ್ಮಾರಕ ಬೇರೊಂದಿಲ್ಲ.