ಎಂಜಿನ್ನಿಗೆ ಸಾಲದ್ದು ಅಳತೆಗೆ ಸಾಕಾಯ್ತು: ಜೇಮ್ಸ್ ಜೌಲ್

ಶಕ್ತಿಯ ಏಕಮಾನ ಜೌಲ್ ಅಂತ ಹೈಸ್ಕೂಲಿನಿಂದಲೇ ಬರೆಯುತ್ತಾ ಬಂದಿದ್ದೇವೆ. ಆ ಹೆಸರಿನವರು ಹೈಡ್ರಾಲಿಕ್ ಸಿಲಿಂಡರಿನ ಒಳಗೂ ಇದ್ದಾರೆ ಅನ್ನೋದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಜೇಮ್ಸ್ ಪ್ರೆಸ್ಕಾಟ್ ಜೌಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ. ಅಪ್ಪನದು ಬಿಯರ್ ತಯಾರಿಸುವ ಕಾರ್ಖಾನೆ. ಆರೋಗ್ಯ ಅಷ್ಟಕ್ಕಷ್ಟೇ, ಓದಿದ್ದು ಮನೆಯಲ್ಲೇ. ಅಣ್ಣನ ಜೊತೆ ಕೆಲ ಕಾಲ ಜಾನ್ ಡಾಲ್ಟನ್ ಬಳಿ ಪಾಠ ಹೇಳಿಸಿಕೊಂಡರು. ಪರೀಕ್ಷೆ ಬರೆದು ಪಡೆದ ಡಿಗ್ರಿ ಯಾವುದೂ ಇರಲಿಲ್ಲ.

1841ರ ಕೊನೆಗೆ ಮ್ಯಾಂಚೆಸ್ಟರಿನ ಯಂತ್ರ ಕುಶಲಿಯೊಬ್ಬರು ಒಂದು ಐಡಿಯಾ ಕೊಟ್ಟರು: ಅಯಸ್ಕಾಂತವಾದಾಗ ಕಬ್ಬಿಣ ಹಿಗ್ಗುವುದಾದರೆ, ಅದರಿಂದ ಎಂಜಿನ್ ಯಾಕೆ ಓಡಿಸಬಾರದು? ಜೌಲ್ ಸರಳನ್ನು ತಂತಿಸುರುಳಿಯೊಳಗೆ ಇಟ್ಟು, ಸನ್ನೆಗಳಿಂದ ಚಲನೆಯನ್ನು ದೊಡ್ಡದು ಮಾಡಿ, ಮೈಕ್ರೋಸ್ಕೋಪಿನಲ್ಲಿ ನೋಡಿದರು. ಸರಳು ಹಿಗ್ಗುತ್ತಿತ್ತು, ನಿಜ. ಆದರೆ ಒಂದು ಮೀಟರಿಗೆ ಕೆಲವೇ ಮೈಕ್ರಾನ್! ಎಂಜಿನ್ ಆಸೆ ಅಲ್ಲಿಗೇ ಮುಗೀತು. 1842ರಲ್ಲಿ ಕಂಡದ್ದನ್ನು ಕಂಡಹಾಗೆ ಹೇಳಿ, ಶಾಖದ ಅಳತೆಯ ಕಡೆ ಹೊರಳಿದರು.

ಕೆಲಸವೇ ಶಾಖವಾಗುತ್ತದೆ ಅಂದಾಗಲೂ 1843ರಲ್ಲಿ ಯಾರೂ ಹೆಚ್ಚು ಕಿವಿಗೊಡಲಿಲ್ಲ. ಬೀಳುವ ತೂಕದಿಂದ ನೀರಿನೊಳಗೆ ರೆಕ್ಕೆ ತಿರುಗಿಸಿ, ಏರಿದ ಅಲ್ಪ ಉಷ್ಣತೆಯನ್ನು ಮತ್ತೆ ಮತ್ತೆ ಅಳೆದರು. 1847ರಲ್ಲಿ ಆಕ್ಸ್‌ಫರ್ಡ್ ಸಭೆಯಲ್ಲಿ ವಿಲಿಯಂ ಥಾಮ್ಸನ್ ಗಮನ ಕೊಟ್ಟ ಮೇಲೆ ಗಾಳಿ ತಿರುಗಿತು. 1850ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. 1889ರ ಅಕ್ಟೋಬರ್ 11ರಂದು ತೀರಿಕೊಂಡರು. ಸಮಾಧಿಯ ಕಲ್ಲಿನ ಮೇಲೆ ಅವರ ಅಳತೆಯೇ ಇದೆ: 772.55.

ಇನ್ನು ಆ ಮೈಕ್ರಾನ್ ಹಿಗ್ಗಿನ ಕಥೆ. ಮಲ್ಲಂದೂರು ಕಡೆ ಮಳೆಗಾಲದಲ್ಲಿ ಧರೆ ಕುಸಿದರೆ ಜೆಸಿಬಿ ಬರಬೇಕು. ರಾಡ್ ಎಷ್ಟು ಹೊರಬಂತು ಅನ್ನೋದು ಆಪರೇಟರ್ ಅಣ್ಣನ ಕಣ್ಣಳತೆ. ಯಂತ್ರಕ್ಕೇ ಅದು ತಿಳೀಬೇಕಾದರೆ? ರಾಡಿನ ನಡುವೆ ಉದ್ದಕ್ಕೂ ರಂಧ್ರ ಕೊರೆದು, ಸಿಲಿಂಡರಿನ ಹಿಂತುದಿಗೆ ಕೂರಿಸಿದ ಸಣ್ಣ ಕೊಳವೆಯೊಂದನ್ನು ಅದರೊಳಗೆ ಬಿಡುತ್ತಾರೆ. ಕೊಳವೆಯಲ್ಲಿ ವಿಶೇಷ ಮಿಶ್ರಲೋಹದ ತಂತಿ. ಪಿಸ್ಟನ್ನಿನಲ್ಲಿ ಉಂಗುರದ ಅಯಸ್ಕಾಂತ. ತಂತಿಯಲ್ಲಿ ಕ್ಷಣಮಾತ್ರ ಕರೆಂಟ್ ಹರಿಸಿದರೆ, ಅಯಸ್ಕಾಂತ ಇರುವಲ್ಲಿ ತಂತಿ ಚೂರು ತಿರುಚಿಕೊಳ್ಳುತ್ತದೆ. ಆ ತಿರುಚು ಅಲೆಯಾಗಿ ಸೆಕೆಂಡಿಗೆ ಸುಮಾರು 2,800 ಮೀಟರ್ ವೇಗದಲ್ಲಿ ತುದಿಗೆ ಬರುತ್ತದೆ. ಒಂದು ಮೀಟರಿಗೆ ಸುಮಾರು 350 ಮೈಕ್ರೊಸೆಕೆಂಡ್. ಸಮಯ ಸಿಕ್ಕರೆ ದೂರ ಸಿಕ್ಕಂತೆ. ಅಯಸ್ಕಾಂತ ಎಲ್ಲೂ ತಂತಿಯನ್ನು ಮುಟ್ಟುವುದಿಲ್ಲ, ಹಾಗಾಗಿ ಸವೆತವೂ ಇಲ್ಲ.

ಲ್ಯಾಬಿನಲ್ಲಿ ರೀಡಿಂಗ್ ತೀರಾ ಚಿಕ್ಕದು ಬಂತು ಅಂತ ಅಳಿಸಲು ಹೊರಟಾಗ ಜೌಲ್ ಅವರ ಆ ಕಬ್ಬಿಣದ ಸರಳನ್ನು ನೆನೆಯೋಣ.